ಉಳಿಕೆ ಕ್ಲೋರಿನ್ ಅಳೆಯುವ ಅಗ್ಗದ ಮಾಪಕ: ನನ್ನ ಅನುಭವ

ಬ್ಲೀಚಿಂಗ್ ಪೌಡರ್ ಬೆರೆಸಿದ ನೀರು ಊರಿನ ಕೊನೆಯ ನಲ್ಲಿಯನ್ನು ತಲುಪಿದಾಗಲೂ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಬಣ್ಣದ ಪಟ್ಟಿಗೆ ಹೋಲಿಸಿ ನೋಡುವ ಕಿಟ್‌ನಲ್ಲಿ 0.1ಕ್ಕೂ 0.2ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ತಿಳಿಯುವುದು ಕಷ್ಟ. ಮುಂಜಾವಿನ ಮಬ್ಬಿನಲ್ಲಿ ನೀರು ಬಿಡುವ ನೀರುಗಂಟಿಗಂತೂ ಅಂದಾಜೇ ಗತಿ. ಅಂಕಿಯನ್ನೇ ತೋರಿಸುವ ಮಾಪಕವೊಂದನ್ನು ಕಟ್ಟಲು ನಾನು ಹೊರಟದ್ದು ಇದೇ ಕಾರಣಕ್ಕೆ.

ಕ್ಲೋರಿನ್ ಇರುವ ನೀರಿಗೆ ಡಿಪಿಡಿ ಎಂಬ ರಾಸಾಯನಿಕದ ಪುಡಿ ಹಾಕಿದರೆ ಮೂಡುವ ಗುಲಾಬಿ ಬಣ್ಣವು 515 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಕಪ್ಪು ಪೆಟ್ಟಿಗೆಯೊಳಗೆ ಒಂದು ಬದಿಗೆ ಹಸಿರು ಎಲ್‌ಇಡಿ, ಎದುರಿಗೆ ಬೆಳಕನ್ನು ಅಳೆಯುವ ಫೋಟೊಡಯೋಡ್, ನಡುವೆ ಗಾಜಿನ ಸೀಸೆ ಇಟ್ಟೆ. ಪುಡಿ ಹಾಕುವ ಮುನ್ನ ಅದೇ ನೀರನ್ನು ಒಮ್ಮೆ ಅಳೆದು, ಹಾಕಿದ ಮೇಲೆ ಮತ್ತೆ ಅಳೆದು, ಎರಡರ ಅನುಪಾತದ ಲಾಗರಿದಮ್ ತೆಗೆದರೆ ನೀರಿನ ಸಹಜ ಕದಡು ಲೆಕ್ಕದಿಂದ ಬಹುಮಟ್ಟಿಗೆ ಹೊರಬೀಳುತ್ತದೆ.

ಇಷ್ಟನ್ನು ಎಲೆಕ್ಟ್ರಾನಿಕ್ಸ್ ಬಲ್ಲ ಯಾರಾದರೂ ಮಾಡಬಹುದು. ಮಾಪಕ ತೋರಿಸುವ ಅಂಕಿ ನಂಬತಕ್ಕದ್ದೇ ಎಂಬುದು ನಿಜವಾದ ಪ್ರಶ್ನೆ, ನನ್ನ ಶ್ರಮದ ಹೆಚ್ಚಿನ ಪಾಲು ಸಂದದ್ದೂ ಅದಕ್ಕೇ. ಕ್ಲೋರಿನ್ ದ್ರಾವಣದ ಸಾಂದ್ರತೆ ಇಟ್ಟಲ್ಲೇ ಕುಗ್ಗುವುದರಿಂದ, ಕ್ಯಾಲಿಬ್ರೇಷನ್‌ಗೆ (ಗೊತ್ತಿರುವ ಪ್ರಮಾಣದ ದ್ರಾವಣದಿಂದ ಮಾಪಕವನ್ನು ಹೊಂದಿಸಲು) ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬಳಸಿದೆ: ಲೀಟರಿಗೆ 0.891 ಮಿಲಿಗ್ರಾಂ ಪರ್ಮ್ಯಾಂಗನೇಟ್ ಇರುವ ನೀರು ಡಿಪಿಡಿಯೊಂದಿಗೆ 1 ಮಿಲಿಗ್ರಾಂ ಕ್ಲೋರಿನ್‌ನಷ್ಟೇ ಬಣ್ಣ ಕೊಡುತ್ತದೆ. ಮೂಲ ದ್ರಾವಣವನ್ನು ಕಂದು ಸೀಸೆಯಲ್ಲಿ ಕತ್ತಲಲ್ಲಿಟ್ಟು, ತೆಳು ದ್ರಾವಣಗಳನ್ನು ಪ್ರತಿಸಲವೂ ಹೊಸದಾಗಿ ಮಾಡಿಕೊಳ್ಳಬೇಕು.

ಪುಡಿ ಹಾಕಿದ ಒಂದು ನಿಮಿಷದೊಳಗೆ ಅಳತೆ ಮುಗಿಯಬೇಕು. ತಡವಾದರೆ ಅಮೋನಿಯಾ ಜೊತೆ ಕೂಡಿಕೊಂಡ ಕ್ಲೋರಿನ್ ಸಹ ಬಣ್ಣ ಕೊಡತೊಡಗಿ, ಮುಕ್ತ (ಅಮೋನಿಯಾ ಜೊತೆ ಕೂಡಿಕೊಳ್ಳದ) ಕ್ಲೋರಿನ್ ಇಲ್ಲದ ನೀರೂ ಸುರಕ್ಷಿತವೆಂದು ಕಾಣಬಹುದು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಕ್ಲೋರಿನ್ ವಿಪರೀತವಾಗಿದ್ದರೆ ಅದು ಡಿಪಿಡಿಯ ಬಣ್ಣವನ್ನೇ ಅಳಿಸಿ, ಮಾಪಕ ಸೊನ್ನೆ ತೋರಿಸುತ್ತದೆ, ಅದನ್ನು ನಂಬಿದವರು ಟ್ಯಾಂಕಿಗೆ ಮತ್ತಷ್ಟು ಪೌಡರ್ ಸುರಿಯುತ್ತಾರೆ. ಆದ್ದರಿಂದ ಸೊನ್ನೆ ಬಂದಾಗಲೆಲ್ಲ, ಒಂದು ಪಾಲು ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೊಮ್ಮೆ ಅಳೆಯುವಂತೆ ಮಾಪಕದ ಪರದೆಯೇ ಸೂಚಿಸುವ ಹಾಗೆ ಪ್ರೋಗ್ರಾಂ ಬರೆದೆ.

ಪೈಪಿನಲ್ಲೇ ಕುಳಿತು ಸದಾ ಅಳೆಯುವ ಎಲೆಕ್ಟ್ರೋಡ್ ಏಕೆ ಬೇಡವೆಂದು ಕೆಲವರು ಕೇಳುತ್ತಾರೆ. ಅದರ ಅಳತೆ ನೀರಿನ ಹರಿವು, ಉಷ್ಣತೆ ಮತ್ತು ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆ, ಮೇಲ್ಮೈಗೆ ಪಾಚಿ, ಸುಣ್ಣದ ಪದರ ಕಟ್ಟುತ್ತದೆ. ಅದನ್ನು ನಿಯಮಿತವಾಗಿ ಶುಚಿಗೊಳಿಸುವವರಿಲ್ಲದ ಊರಿಗೆ ಡಿಪಿಡಿಯೇ ಸರಿ ಎಂದು ನನ್ನ ಅಭಿಪ್ರಾಯ. ಬಿಸಿಲಿಗೆ ಎಲ್‌ಇಡಿಯ ಬೆಳಕು ಕುಗ್ಗುವುದನ್ನು ಸರಿದೂಗಿಸಲು ಈಗ ಅದರ ಪಕ್ಕದಲ್ಲಿ, ಅದರ ಬೆಳಕನ್ನು ನೇರವಾಗಿ ಅಳೆಯುವ ಎರಡನೆಯ ಫೋಟೊಡಯೋಡ್ ಅಳವಡಿಸುತ್ತಿದ್ದೇನೆ.