ಕಿಕ್ ಸಿಮ್ಯುಲೇಶನ್ ತಾನಾಗೇ ಓಡೋ ಹಾಗೆ ಸೆಟಪ್ ಮಾಡೋದು

ಕಿಕ್ ಅಂದ್ರೆ ಎಣ್ಣೆ-ಗ್ಯಾಸ್ ಬಾವಿ ಕೊರೆಯುವಾಗ ಕಲ್ಲಿನೊಳಗಿನ ಗ್ಯಾಸು ಬಾವಿಗೆ ನುಗ್ಗೋದು. ಮೊದ್ಲು ಗ್ರಾಫಿಕ್ಸು ಗಿರಾಫಿಕ್ಸು ಎಲ್ಲ ಪಕ್ಕಕ್ಕಿಡಿ, ಒಂದು ಬಾವಿ ತಗೊಂಡು ಕೈಲೇ ಲೆಕ್ಕ ಹಾಕಿ, ಇಲ್ಲಾಂದ್ರೆ ಸ್ಕ್ರಿಪ್ಟ್ ಕೊಡೋ ಉತ್ತರ ಸರಿನಾ ತಪ್ಪಾ ಅಂತ ಗೊತ್ತೇ ಆಗಲ್ಲ. ನೇರ ಆಳ 10,000 ಅಡಿ, ಮಡ್ (ಬಾವೀಲಿ ತುಂಬಿರೋ ಕೊರೆಯೋ ದ್ರವ) 10 ಪಿಪಿಜಿ (ಗ್ಯಾಲನ್ನಿಗೆ ಇಷ್ಟು ಪೌಂಡ್), ಬಾವಿ ಮುಚ್ಚಿದ ಮೇಲೆ ಡ್ರಿಲ್ ಪೈಪ್ ಪ್ರೆಶರ್ 520 ಪಿಎಸ್‌ಐ ಅಂದ್ಕೊಳ್ಳಿ. ಆಳಾನ 0.052ರಿಂದ (ಪಿಪಿಜಿ, ಅಡಿ ಲೆಕ್ಕಾನ ಪಿಎಸ್‌ಐಗೆ ತರೋ ಸಂಖ್ಯೆ) ಗುಣಿಸಿದ್ರೆ 520, ಅದ್ರಿಂದ ಪ್ರೆಶರ್ ಭಾಗಿಸಿದ್ರೆ 1, ಅದನ್ನ ಹಳೇ 10ಕ್ಕೆ ಕೂಡಿಸಿದ್ರೆ ಕಿಲ್ ಮಡ್ (ಕಿಕ್ ತಡೆಯೋಷ್ಟು ಭಾರದ ಮಡ್) 11 ಪಿಪಿಜಿ. ಸ್ಲೋ ಪಂಪ್ ಪ್ರೆಶರ್ (ಪಂಪ್ ನಿಧಾನಕ್ಕೆ ಓಡಿಸಿದಾಗ ಬೇಕಾಗೋ ಪ್ರೆಶರ್) 400 ಇದ್ರೆ ಪಂಪಿಂಗ್ ಶುರುವಲ್ಲಿ 520 ಕೂಡಿಸಿ 920, ಕಿಲ್ ಮಡ್ ತಳದ ಡ್ರಿಲ್ ಬಿಟ್ ಮುಟ್ಟಿದಾಗ 400ನ್ನ 11/10ರಿಂದ ಗುಣಿಸಿ 440.

ಆಮೇಲೆ ಕಿಕ್ ಸೈಜು, ಆಳ, ಮಡ್ ತೂಕ ಎಲ್ಲ ಒಂದು ಸಿಎಸ್‌ವಿಗೆ ಹಾಕಿ ಪೈಥಾನ್ ಲೂಪಲ್ಲಿ ಓಡಿಸಿ. ಡ್ರಿಲ್ಲರ್ಸ್ ಮೆಥಡ್‌ನಿಂದ (ಮೊದಲ ಸುತ್ತಲ್ಲಿ ಗ್ಯಾಸ್ ಹೊರಗೆ ಹಾಕಿ, ಎರಡನೇದ್ರಲ್ಲಿ ಕಿಲ್ ಮಡ್ ತುಂಬೋದು) ಶುರು ಮಾಡಿ, ಮೊದಲ ಸುತ್ತಲ್ಲಿ ಹಳೇ ಮಡ್ಡೇ ಇರೋದ್ರಿಂದ ಸುಲಭ.

ಎಡವೋದು ಚೋಕ್ (ಬಾವಿಯಿಂದ ಹೊರಬರೋ ಹರಿವನ್ನ ಬಿಗಿ ಮಾಡೋ ವಾಲ್ವ್) ಹತ್ರ. ಚೋಕ್ ತಿರುಗಿಸಿದ್ದು ಡ್ರಿಲ್ ಪೈಪ್ ಗೇಜಲ್ಲಿ ಕಾಣೋಕೆ ಸಾವಿರ ಅಡಿಗೆ ಸುಮಾರು 2 ಸೆಕೆಂಡ್ ಹಿಡೀತಾರೆ, ಇಲ್ಲಿ 20 ಸೆಕೆಂಡ್. ನಾನು ಇದನ್ನ ಬಿಟ್ಟು ಮಾಡಿದಾಗ ಗ್ರಾಫು ಗೆರೆ ಎಳೆದಂಗೆ ಬಂತು, ಖುಷಿ ಪಟ್ಟೆ, ಡಿಲೇ ಸೇರಿಸಿದ ತಕ್ಷಣ ಪ್ರೆಶರ್ ಉಯ್ಯಾಲೆ ಆಡೋಕೆ ಶುರು, ಕಂಟ್ರೋಲರ್ ಗೇನ್ (ಪ್ರೆಶರ್ ತಪ್ಪಿದಾಗ ಚೋಕ್ ಎಷ್ಟು ಜೋರಾಗಿ ತಿರುಗಿಸ್ಬೇಕು ಅನ್ನೋದು) ಚೆನ್ನಾಗಿ ಇಳಿಸಿದ ಮೇಲೇ ನಿಂತಿದ್ದು. ಗ್ಯಾಸ್ ಮೇಲೆ ಬರ್ತಾ ಹಿಗ್ಗಬೇಕು, ಅದನ್ನ ನೀರಿನ ಥರ ಮಾಡೆಲ್ ಮಾಡ್ಬೇಡಿ.

ಪಾಸ್ ಅನ್ನೋಕೆ ತಳದ ಪ್ರೆಶರ್ 5,720 ಪಿಎಸ್‌ಐಗಿಂತ (ಮಡ್ ಭಾರದ 5,200 ಜೊತೆ 520) ಕೆಳಗಿಳೀಬಾರ್ದು, ಕೇಸಿಂಗ್ ಶೂ (ಬಾವಿ ಗೋಡೆಗೆ ಹಾಕಿದ ಪೈಪಿನ ಕೆಳತುದಿ) ಹತ್ರ ಕಲ್ಲು ಬಿರಿಯೋ ಪ್ರೆಶರ್ ದಾಟ್ಬಾರ್ದು. ಬೇಕಂತಲೇ ಫೇಲ್ ಆಗೋ ಒಂದೆರಡು ಕೇಸೂ ಸೇರಿಸಿ, ಅವೂ ಪಾಸ್ ಅಂತ ಬಂದ್ರೆ ಚೆಕ್ ಮಾಡೋ ಕೋಡೇ ಕೆಟ್ಟಿದೆ.