ಕಡಿಮೆ ಖರ್ಚಿನಲ್ಲಿ ಕಾರಿಗೆ ಟೈರು ಕೊಳ್ಳುವ ಬಗೆ

ಟೈರಿನ ಅಂಗಡಿಯಲ್ಲಿ ‘ಕಡಿಮೆ ಬೆಲೆಯದ್ದು ಯಾವುದಿದೆ?’ ಎಂದು ಕೇಳಿದವರಿಗೆ, ಬಹಳ ದಿನಗಳಿಂದ ಖರ್ಚಾಗದೆ ಉಳಿದ ಸರಕು ಮೊದಲು ಹೊರಬರುವುದುಂಟು. ಎರಡು ಕಂಪನಿಗಳ ಟೈರುಗಳ ನಡುವೆ ಇರುವ ಕೆಲವು ನೂರು ರೂಪಾಯಿಗಳ ಅಂತರಕ್ಕಿಂತ, ಬೇಡದ ಟೈರನ್ನು ಬದಲಿಸುವುದರಿಂದ, ಹಳೆಯ ದಾಸ್ತಾನನ್ನು ಮನೆಗೆ ತರುವುದರಿಂದ ಮತ್ತು ಟೈರು ಸವೆಯಲು ಕಾರಣವಾದ ದೋಷವನ್ನು ಹಾಗೆಯೇ ಬಿಡುವುದರಿಂದ ಆಗುವ ನಷ್ಟವೇ ಹೆಚ್ಚು. ಆದ್ದರಿಂದ ಉಳಿತಾಯದ ಕೆಲಸವನ್ನು ಅಂಗಡಿಗೆ ಹೋಗುವ ಮೊದಲೇ, ಮನೆಯ ಮುಂದೆ ನಿಂತಿರುವ ಕಾರಿನ ಬಳಿ ಕುಳಿತು ಆರಂಭಿಸುವುದು ಒಳ್ಳೆಯದು.

ಟೈರಿನ ಮೈಮೇಲಿನ ಆಳವಾದ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಸವೆದ ಟ್ರೆಡ್, ಅಂದರೆ ರಸ್ತೆಗೆ ತಾಗುವ ಹೊರಪದರ, ಆ ದಿಣ್ಣೆಗಳ ಮಟ್ಟಕ್ಕೆ ಇಳಿದರೆ ಗೀರಿನ ಆಳ 1.6 ಮಿಲಿಮೀಟರಿಗೆ ಬಂದಿದೆ ಎಂದರ್ಥ. ಅದಕ್ಕಿಂತ ಕೆಳಗಿಳಿದ ಟೈರಿನಲ್ಲಿ ಕಾರು ಓಡಿಸುವುದಕ್ಕೆ ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿಲ್ಲ. ಆದರೆ ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಇರುವವರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಓಡಾಡಬೇಕಾದವರು ಅಷ್ಟರವರೆಗೆ ಕಾಯಬಾರದು. ಗೀರುಗಳು ಮಳೆನೀರನ್ನು ಹೊರದಬ್ಬುವ ಕಾಲುವೆಗಳು. ಅವು ಆಳ ಕಳೆದುಕೊಂಡಂತೆ ಟೈರು ನೀರಿನ ಮೇಲೆ ತೇಲಲು ಆರಂಭಿಸುತ್ತದೆ. ಇಂಥ ಊರುಗಳಲ್ಲಿ ಮೂರು ಮಿಲಿಮೀಟರ್ ಉಳಿದಾಗಲೇ, ಮೇ ತಿಂಗಳೊಳಗೆ ಬದಲಿಸುವುದು ವಿವೇಕ.

ಸವೆತ ಎಲ್ಲಿ ಆಗಿದೆ ಎಂಬುದನ್ನೂ ಗಮನಿಸಬೇಕು. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಲಾಗಿದೆ. ನಡುಭಾಗವೊಂದೇ ಸವೆದಿದ್ದರೆ ಗಾಳಿ ಅತಿಯಾಗಿದೆ. ಒಂದೇ ಅಂಚು ಬೋಳಾಗಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ) ತಪ್ಪಿದೆ, ಇಲ್ಲವೇ ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ಯಾವುದೋ ರಬ್ಬರ್ ಬುಷ್ ಹೋಗಿದೆ. ಈ ದೋಷವನ್ನು ಸರಿಪಡಿಸದೆ ಹಾಕಿಸಿದ ಟೈರು, ಎಷ್ಟೇ ದುಬಾರಿಯದಾದರೂ, ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಒಳಗಿನ ನೂಲಿನ ಹೆಣಿಗೆ ಹರಿದಿದೆ ಎಂದು ತಿಳಿಯಬೇಕು; ಅದಕ್ಕೆ ದುರಸ್ತಿಯಿಲ್ಲ, ಟ್ರೆಡ್ ಎಷ್ಟೇ ಇದ್ದರೂ ಆ ಟೈರನ್ನು ತೆಗೆಯಲೇಬೇಕು. ಸ್ಟೆಪ್ನಿಯನ್ನೂ ಹೊರತೆಗೆದು ನೋಡಿ. ಅದು ಉಳಿದ ನಾಲ್ಕರ ಅಳತೆಯದೇ ಆಗಿದ್ದು, ತೀರಾ ಹಳೆಯದಲ್ಲದಿದ್ದರೆ ಒಂದು ಟೈರಿನ ಖರ್ಚು ಉಳಿಯಬಹುದು. ಡಿಕ್ಕಿಯಲ್ಲಿ ಹತ್ತು ವರ್ಷ ಸುಮ್ಮನೆ ಮಲಗಿದ ಸ್ಟೆಪ್ನಿ ಮಾತ್ರ ನೋಡಲು ಹೊಸದರಂತಿದ್ದರೂ ದೂರದ ಪ್ರಯಾಣಕ್ಕೆ ಯೋಗ್ಯವಲ್ಲ, ಏಕೆಂದರೆ ರಬ್ಬರು ಓಡದಿದ್ದರೂ ಗಟ್ಟಿಯಾಗುತ್ತ ಹೋಗುತ್ತದೆ.

ಇನ್ನು ಅಳತೆ. ಚಾಲಕನ ಬಾಗಿಲು ತೆರೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಟೈರಿನ ಅಳತೆಯೂ ಗಾಳಿಯ ಒತ್ತಡವೂ ನಮೂದಾಗಿರುತ್ತವೆ. ಮಾರುತಿ ಸ್ವಿಫ್ಟ್‌ನ ಕೆಳಹಂತದ ಮಾದರಿಗಳಲ್ಲಿ ಇರುವ 165/80 ಆರ್14 ಎಂಬ ಅಳತೆಯನ್ನೇ ತೆಗೆದುಕೊಳ್ಳೋಣ. 165 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 80 ಎಂಬುದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬ ಲೆಕ್ಕ, ಆರ್ ಎಂದರೆ ರೇಡಿಯಲ್ ಎಂಬ ಒಳರಚನೆ, 14 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಇದರ ಮುಂದೆ 85ಟಿ ಎಂದಿದ್ದರೆ, ಪ್ರತಿ ಟೈರು 515 ಕಿಲೋ ಭಾರವನ್ನು ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ ಹೊರಬಲ್ಲದು ಎಂದರ್ಥ. ಭಾರದ ಸಂಖ್ಯೆ ಚೀಟಿಯಲ್ಲಿ ಇರುವುದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರುವ ಟೈರನ್ನು ಅಗ್ಗವೆಂದು ತೆಗೆದುಕೊಳ್ಳಬಾರದು.

‘ಇದೇ ರಿಮ್ಮಿಗೆ ಸ್ವಲ್ಪ ಅಗಲದ್ದು ಹಾಕಿ, ಗ್ರಿಪ್ ಚೆನ್ನಾಗಿರುತ್ತದೆ’ ಎಂಬ ಸಲಹೆ ಅಂಗಡಿಯಲ್ಲಿ ಬಂದೇ ಬರುತ್ತದೆ. 165/80ರ ಬದಲು 185/70 ಆರ್14 ಹಾಕಿದರೆ ಟೈರಿನ ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರಿನಿಂದ 615ಕ್ಕೆ ಇಳಿಯುತ್ತದೆ. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆಯಾದ್ದರಿಂದ ಸ್ಪೀಡೋಮೀಟರಿಗೆ ಅಂಥ ಬಾಧೆಯಿಲ್ಲ. ಆದರೂ ಅಗಲದ ಟೈರಿಗೆ ಬೆಲೆ ಹೆಚ್ಚು, ಸ್ಟೀರಿಂಗ್ ತುಸು ಭಾರವಾಗುತ್ತದೆ, ಮೈಲೇಜು ತುಸು ಇಳಿಯುತ್ತದೆ. ಹಣ ಉಳಿಸಬೇಕೆಂದು ಹೊರಟವರು ಕಾರಿನ ಕಂಪನಿ ಹೇಳಿದ ಅಳತೆಯನ್ನೇ ನೆಚ್ಚಿಕೊಳ್ಳುವುದು ಲೇಸು. ಹೆಚ್ಚು ಕಾರುಗಳಲ್ಲಿ ಬಳಕೆಯಾಗುವ ಅಳತೆಗೆ ಪೈಪೋಟಿಯೂ ಹೆಚ್ಚು.

ಯಾವ ಟೈರು ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಒಂದೇ ಕಂಪನಿಯಲ್ಲಿಯೂ ಹೆಚ್ಚು ಬಾಳಿಕೆಗೆಂದು ಗಟ್ಟಿ ರಬ್ಬರಿನಲ್ಲಿ ಮಾಡಿದವು, ಸದ್ದು ಕಡಿಮೆ ಇರಲೆಂದು ಮೃದುವಾಗಿ ಮಾಡಿದವು, ಒದ್ದೆ ರಸ್ತೆಯ ಹಿಡಿತಕ್ಕೆ ಒತ್ತು ಕೊಟ್ಟವು ಎಂಬ ಭೇದಗಳಿವೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಮಾತ್ರ ಓಡುವ ಬೆಂಗಳೂರಿನ ಕಾರಿಗೆ ಲಕ್ಷ ಕಿಲೋಮೀಟರ್ ಬಾಳುತ್ತದೆಂದು ಹೇಳುವ ಟೈರಿಗಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ. ಅದು ಸವೆಯುವ ಮೊದಲೇ ಹಳತಾಗಿ ಬಿರುಕು ಬಿಡುತ್ತದೆ. ದಿನವೂ ಹೆದ್ದಾರಿಯಲ್ಲಿ ಓಡುವ ಬಾಡಿಗೆ ಕಾರಿಗೆ ಅದೇ ಟೈರು ಲಾಭದಾಯಕ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಕಂಪನಿಗಳ ಸಾಮಾನ್ಯ ಟೈರುಗಳಿಂದ ಊರೊಳಗಿನ ಓಡಾಟ ಯಾವ ಕೊರತೆಯೂ ಇಲ್ಲದೆ ನಡೆಯುತ್ತದೆ. ಜೆಕೆ ಕಂಪನಿಯ ಕಾರ್ಖಾನೆಯೊಂದು ನಮ್ಮ ಮೈಸೂರಿನಲ್ಲೇ ಇದೆ. ಹಿಂದೆ ವಿಕ್ರಾಂತ್ ಟೈರ್ಸ್ ಎಂದು ಹೆಸರಾಗಿದ್ದದ್ದು ಅದೇ. ಹೆಸರು ಕೇಳದ ಆಮದು ಟೈರನ್ನು ಅಗ್ಗದ ಬೆಲೆಗೆ ತೋರಿಸಿದರೆ ಅದರ ಮೈಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಬೆಲೆ ವಿಚಾರಿಸುವಾಗ ಟೈರಿನ ಬೆಲೆಯನ್ನಷ್ಟೇ ಕೇಳಬೇಡಿ. ತೆರಿಗೆ, ಫಿಟ್ಟಿಂಗ್, ಹೊಸ ವಾಲ್ವ್, ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮಗೊಳಿಸುವುದು), ಅಲೈನ್‌ಮೆಂಟ್ ಎಲ್ಲ ಸೇರಿ, ಹಳೆಯ ಟೈರುಗಳ ಬೆಲೆ ಕಳೆದು, ಕೊನೆಗೆ ಕೈಯಿಂದ ಎಷ್ಟು ಹೋಗುತ್ತದೆ ಎಂದು ಮೂರು ನಾಲ್ಕು ಕಡೆ ಕೇಳಿ ಬರೆದಿಟ್ಟುಕೊಳ್ಳಿ. ಟೈರಿಗೆ ಮುನ್ನೂರು ಕಡಿಮೆ ಹೇಳಿದ ಅಂಗಡಿಯೇ ಉಳಿದ ಬಾಬ್ತುಗಳಲ್ಲಿ ಅದನ್ನು ತುಂಬಿಕೊಳ್ಳುವುದು ಹೀಗೆ ಹೋಲಿಸಿದಾಗ ಮಾತ್ರ ಕಾಣುತ್ತದೆ. ಆನ್‌ಲೈನ್ ಬೆಲೆಯನ್ನು ಫೋನಿನಲ್ಲಿ ತೋರಿಸಿ ಚೌಕಾಸಿ ಮಾಡುವುದರಲ್ಲಿ ಸಂಕೋಚ ಬೇಡ. ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ: ತೆರಿಗೆ ಸೇರಿ ಮೊದಲು 5,120 ರೂಪಾಯಿ ಆಗುತ್ತಿದ್ದ ಟೈರು, ಮೂಲ ಬೆಲೆ ಬದಲಾಗದಿದ್ದರೆ, ಈಗ 4,720 ರೂಪಾಯಿ ಆಗಬೇಕು. ‘ಬಿಲ್ ಬೇಡವಾದರೆ ಇನ್ನಷ್ಟು ಕಡಿಮೆ ಮಾಡುತ್ತೇನೆ’ ಎಂಬ ಮಾತಿಗೆ ಒಪ್ಪಬೇಡಿ, ಏಕೆಂದರೆ ತಯಾರಿಕೆಯ ದೋಷ ಕಂಡುಬಂದಾಗ ಬಿಲ್ಲಿಲ್ಲದೆ ವಾರಂಟಿ ಕೇಳುವುದು ಕಷ್ಟ.

ಹಣ ಕೊಡುವ ಮೊದಲು ಪ್ರತಿ ಟೈರಿನ ತಾರೀಖನ್ನು ನೀವೇ ಓದಬೇಕು. ಪಕ್ಕದ ಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2225 ಎಂದಿದ್ದರೆ ಅದು 2025ನೆಯ ಇಸವಿಯ 22ನೆಯ ವಾರ, ಅಂದರೆ ಮೇ ತಿಂಗಳ ಕೊನೆಯಲ್ಲಿ ತಯಾರಾದದ್ದು. ಈ ಅಂಕಿಗಳು ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಇರುವುದರಿಂದ ರಿಮ್ಮಿಗೆ ಏರಿಸಿದ ಮೇಲೆ ಕಾರಿನ ಒಳಬದಿಗೆ ಹೋಗಿಬಿಡಬಹುದು. ಆರು ತಿಂಗಳೊಳಗಿನ ಟೈರಾದರೆ ಕಣ್ಣುಮುಚ್ಚಿ ಕೊಳ್ಳಬಹುದು. ವರ್ಷ ತುಂಬಿದ್ದನ್ನು ನೆರಳಿನಲ್ಲಿ ಸರಿಯಾಗಿ ಇಟ್ಟಿದ್ದರೆ ಅದು ಕೆಟ್ಟಿರುವುದಿಲ್ಲ, ಆದರೆ ಬೆಲೆ ಇಳಿಸಿ ಕೇಳುವ ಹಕ್ಕು ನಿಮಗಿದೆ. ಅದಕ್ಕಿಂತ ಹಳೆಯದಾದರೆ ಬೇಡವೆನ್ನಿ.

ನಾಲ್ಕನ್ನೂ ಒಟ್ಟಿಗೆ ಬದಲಿಸುವಷ್ಟು ಹಣವಿಲ್ಲದಿದ್ದರೆ ಎರಡನ್ನು ಜೋಡಿಯಾಗಿ ಕೊಂಡು ಹಿಂದಿನ ಚಕ್ರಗಳಿಗೆ ಹಾಕಿಸಿ, ಉಳಿದವುಗಳಲ್ಲಿ ಚೆನ್ನಾಗಿರುವ ಎರಡನ್ನು ಮುಂದಕ್ಕೆ ತನ್ನಿ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ ಕಾರಿನಲ್ಲಿ ಹೊಸತು ಮುಂದಿರಬೇಕು ಎಂದು ವಾದಿಸುವ ಮೆಕ್ಯಾನಿಕ್ಕುಗಳಿದ್ದಾರೆ. ಆದರೆ ಮಳೆಯ ತಿರುವಿನಲ್ಲಿ ಮುಂಭಾಗ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರು ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ, ಹಿಂಭಾಗ ಜಾರಿದರೆ ಇಡೀ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸಾಮಾನ್ಯ ಚಾಲಕರು ತಡೆಯಲಾರರು. ಒಂದೇ ಒಂದು ಹೊಸ ಟೈರು ಹಾಕಿಸಬೇಕಾಗಿ ಬಂದರೆ, ಅದೇ ಅಕ್ಷದ ಇನ್ನೊಂದು ಟೈರು ಹೆಚ್ಚು ಸವೆದಿರಬಾರದು.

ಸೆಕೆಂಡ್ ಹ್ಯಾಂಡ್ ಟೈರುಗಳ ವಿಷಯದಲ್ಲಿ ಒಂದು ಬಗೆಯನ್ನು ಮಾತ್ರ ನಾನು ಒಪ್ಪುತ್ತೇನೆ. ಹೊಸ ಕಾರು ಕೊಂಡ ಕೂಡಲೇ ಅಗಲದ ಟೈರು ಹಾಕಿಸಿಕೊಳ್ಳುವವರು ಬಿಟ್ಟುಹೋದ, ಹೆಚ್ಚು ಓಡದ ಟೈರುಗಳು ದೊಡ್ಡ ಅಂಗಡಿಗಳಲ್ಲಿ ಹೊಸದಕ್ಕಿಂತ ಸಾಕಷ್ಟು ಕಡಿಮೆ ಬೆಲೆಗೆ ಸಿಗುತ್ತವೆ. ತಾರೀಖು ನೋಡಿ, ಒಳಭಾಗದಲ್ಲಿ ಪ್ಯಾಚ್ ಇಲ್ಲವೆಂದು ಖಚಿತಪಡಿಸಿಕೊಂಡು ಅವನ್ನು ಕೊಳ್ಳಬಹುದು. ಬೋಳು ಟೈರಿನಲ್ಲಿ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದು, ಕಪ್ಪು ಬಣ್ಣ ಬಳಿದು ಮಾರುವವರಿಂದ ದೂರವಿರಿ. ಕೊರೆದಷ್ಟೂ ಒಳಗಿನ ಪದರ ಹತ್ತಿರವಾಗುತ್ತದೆ. ಬಸ್ಸು, ಲಾರಿಗಳಿಗೆ ರೀಟ್ರೆಡ್ (ಸವೆದ ಟೈರಿಗೆ ಹೊಸ ಟ್ರೆಡ್ ಕೂರಿಸುವುದು) ಮಾಡಿಸುವುದು ರೂಢಿಯಲ್ಲಿದೆ, ಕಾರಿಗೆ ಅದರ ಯೋಚನೆ ಬೇಡ.

ಟೈರು ಹಾಕುವಾಗ ಅಲ್ಲೇ ನಿಂತಿರಿ. ರಬ್ಬರಿನ ವಾಲ್ವ್ ಹೊಸದಾಗಲಿ, ಬ್ಯಾಲೆನ್ಸಿಂಗ್ ಪ್ರತಿ ಚಕ್ರಕ್ಕೂ ಆಗಲಿ, ಬಾಣದ ಗುರುತಿದ್ದರೆ ಅದು ಕಾರು ಮುಂದಕ್ಕೆ ಓಡುವಾಗ ಚಕ್ರ ತಿರುಗುವ ದಿಕ್ಕಿನಲ್ಲೇ ಇರಲಿ, ಗಾಳಿ ಚೀಟಿಯಲ್ಲಿ ಹೇಳಿದಷ್ಟೇ ಇರಲಿ. ನೈಟ್ರೋಜನ್‌ಗೆ ಬೇರೆ ಹಣ ಕೇಳಿದರೆ ಬೇಡವೆನ್ನಬಹುದು. ಹದಿನೈದು ದಿನಕ್ಕೊಮ್ಮೆ ಪೆಟ್ರೋಲ್ ಬಂಕಿನಲ್ಲಿ ಸಾಮಾನ್ಯ ಗಾಳಿ ನೋಡಿಸಿದರೆ ಸಾಕು. ಬಿಲ್ಲಿನಲ್ಲಿ ಟೈರುಗಳ ಸೀರಿಯಲ್ ಸಂಖ್ಯೆ ಬರೆಸಿಕೊಂಡು ಫೋಟೋ ತೆಗೆದಿಡಿ, ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ.