ಪೀಣ್ಯದಿಂದ ತುಮಕೂರಿಗೆ ವರ್ಕ್‌ಶಾಪ್ ಸಾಗಿಸಿದ್ದು

ನಮ್ಮದು ಸಣ್ಣ ಜಾಬ್‌ವರ್ಕ್ ಶಾಪ್, ಅಂದರೆ ಬೇರೆ ಕಂಪನಿಗಳಿಗೆ ಲೋಹದ ಬಿಡಿಭಾಗ ಮಾಡಿಕೊಡುವುದು. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಸಿಎನ್‌ಸಿ ಲೇತ್, ಹಾಗೇ ಲೋಹ ಕೊರೆಯುವ ವಿಎಂಸಿ, ಜೊತೆಗೆ ಮೇಲ್ಮೈ ಉಜ್ಜಿ ನಯ ಮಾಡುವ, ಅಪ್ಪನ ಕಾಲದ ಒಂದು ಸರ್ಫೇಸ್ ಗ್ರೈಂಡರ್. ಬೆಂಗಳೂರಿನ ಪೀಣ್ಯದಲ್ಲಿ ಶೆಡ್ ಬಾಡಿಗೆ ಏರುತ್ತಲೇ ಹೋಯಿತು, ಮಾಲಿನ ರೇಟು ಮಾತ್ರ ಇದ್ದಲ್ಲೇ ಇತ್ತು. ತುಮಕೂರಿಗೆ ಹೋಗುತ್ತೇನೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಹೈವೇ ಇದೆ, ಎಪ್ಪತ್ತು ಕಿಲೋಮೀಟರು, ಇನ್ನೇನು ಬೇಕು?"

ಹೈವೇ ದೊಡ್ಡ ಅನುಕೂಲವೇ, ಇಲ್ಲ ಅನ್ನಲ್ಲ. ಹೆದ್ದಾರಿ 48 ಇಲ್ಲದಿದ್ದರೆ ತುಮಕೂರಿನ ಹತ್ತಿರದ ವಸಂತನರಸಾಪುರಕ್ಕೆ 2014ರಲ್ಲಿ ಫುಡ್ ಪಾರ್ಕ್ ಬರುತ್ತಿತ್ತಾ? ಅನುಮಾನ. ಗುಬ್ಬಿ ಕಡೆ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೂ ಶುರುವಾಯಿತು. ಆದರೆ ರಸ್ತೆ ನಮ್ಮೂರಲ್ಲೇ ಮುಗಿಯುವುದಿಲ್ಲ, ಅಲ್ವಾ? ಅದು ಬೆಂಗಳೂರು ಸೇರುವ ಕಡೆ ಇರುವ ಪೀಣ್ಯ ಫ್ಲೈಓವರ್ 2021ರ ಕೊನೆಗೆ ಮುಚ್ಚಿದ ಮೇಲೆ 2024ರ ಜುಲೈವರೆಗೂ ಭಾರಿ ವಾಹನಗಳನ್ನು ಮೇಲೆ ಬಿಡಲಿಲ್ಲ. ಲಾರಿಗಳೆಲ್ಲ ಕೆಳಗಿನ ರಸ್ತೆಗೆ ಇಳಿದವು. ಟೈಮಿಗೆ ಸರಿಯಾಗಿ ಮಾಲು ಮುಟ್ಟಿಸಬೇಕಾದವರು ನಡುರಾತ್ರಿ ಗಾಡಿ ಬಿಡುವುದು ರೂಢಿ ಮಾಡಿಕೊಂಡರು.

ನಾನು ರಸ್ತೆಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕರೆಂಟಿನ ಬಗ್ಗೆ. ನಮ್ಮ ಕೆಲಸದಲ್ಲಿ ಕರೆಂಟು ಗಂಟೆಗಟ್ಟಲೆ ಹೋದರೆ ಹೇಗೋ ಸುಧಾರಿಸಬಹುದು. ಮಿಟುಕಿದರೆ ಕಷ್ಟ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ವೋಲ್ಟೇಜ್ ಬಿದ್ದು ಎದ್ದರೂ ಮೆಷಿನ್ ತಿರುಗಿಸುವ ಸ್ಪಿಂಡಲ್ ಡ್ರೈವ್ ಅಲಾರಂ ಹಾಕಿ ನಿಂತುಬಿಡುತ್ತದೆ. ಟೂಲು ಜಾಬ್‌ಗೆ, ಅಂದರೆ ಕಡೆಯುತ್ತಿರುವ ಭಾಗಕ್ಕೆ, ಕಚ್ಚಿಕೊಂಡೇ ಇರುತ್ತದೆ. ಟೂಲಿನ ತುದಿಯ ಇನ್ಸರ್ಟ್ ಮುರಿಯಿತು, ಜಾಬ್ ಸ್ಕ್ರಾಪ್ ಆಯಿತು. ಡಿಜಿ ಸೆಟ್ (ಡೀಸೆಲ್ ಜನರೇಟರ್) ಇದ್ದರೂ ಅಷ್ಟೇ. ಅದು ಸ್ಟಾರ್ಟ್ ಆಗುವಷ್ಟರಲ್ಲಿ ಆಗುವುದೆಲ್ಲ ಆಗಿರುತ್ತದೆ.

ಅದಕ್ಕೇ ಶೆಡ್ ನೋಡಲು ಹೋದ ಕಡೆಯೆಲ್ಲ ಬ್ರೋಕರ್ ಮಾತು ಮುಗಿದ ಮೇಲೆ ಸುಮ್ನೆ ಪಕ್ಕದ ಶೆಡ್‌ಗೆ ಹೋಗುತ್ತಿದ್ದೆ. "ಅಣ್ಣಾ, ನಿಮ್ಮ ಡಿಜಿ ಒಂಚೂರು ನೋಡಬಹುದಾ?" ಯಾರೂ ಬೇಡ ಅನ್ನಲಿಲ್ಲ. ಡಿಜಿಯ ಪ್ಯಾನೆಲ್ ಮೇಲೆ ಅದು ಒಟ್ಟು ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ಇರುತ್ತದೆ. ಡಿಜಿ ಹಾಕಿಸಿ ಎಷ್ಟು ತಿಂಗಳಾಯಿತು ಅಂತ ಕೇಳಿ, ಮೀಟರಿನ ಗಂಟೆಗಳನ್ನು ಅಷ್ಟರಿಂದ ಭಾಗಿಸಿದರೆ ಸಾಕು, ಆ ಫೀಡರಿನ, ಅಂದರೆ ಕರೆಂಟು ತರುವ ಲೈನಿನ, ಜಾತಕ ಕೈಗೆ ಸಿಗುತ್ತದೆ. ಒಂದು ಕಡೆ ಶೆಡ್ ತುಂಬಾ ಚೆನ್ನಾಗಿತ್ತು, ಬಾಡಿಗೆಯೂ ಕಮ್ಮಿ. ಆದರೆ ಪಕ್ಕದವರ ಡಿಜಿ ಹತ್ತಿರ ಖಾಲಿ ಡೀಸೆಲ್ ಕ್ಯಾನುಗಳು ಸಾಲಾಗಿ ಕೂತಿದ್ದವು. ವಿಚಾರಿಸಿದರೆ ಅದೇ ಲೈನಿಗೆ ಸುತ್ತಲಿನ ಹಳ್ಳಿಗಳೂ ಸೇರಿವೆ. ಮಳೆಗಾಲದಲ್ಲಿ ಎಲ್ಲೋ ಕೊಂಬೆ ತಂತಿಗೆ ತಾಗಿದರೆ ಇಲ್ಲಿ ಟ್ರಿಪ್. ಬೇಡ ಅಂದೆ. ಇಂಡಸ್ಟ್ರಿಗಳಿಗೇ ಅಂತ ಬೇರೆ 11 ಕೆವಿ ಫೀಡರ್ ಇದ್ದ ಕಡೆ ಬಾಡಿಗೆ ಜಾಸ್ತಿ ಇದ್ದರೂ ಅದನ್ನೇ ಹಿಡಿದೆ. ಸ್ಕ್ರಾಪ್ ಡಬ್ಬಿ ನೋಡಿದರೆ ಆ ಲೆಕ್ಕ ಸರಿಯಾಗಿಯೇ ಇತ್ತು.

ನೀರಿನದು ಚಿಕ್ಕ ವಿಷಯ, ಆದರೂ ಹೇಳಿಬಿಡುತ್ತೇನೆ. ನಮಗೆ ಸಿಕ್ಕ ಬೋರ್ ನೀರು ಗಡುಸು. ಅದರಲ್ಲಿ ಕೂಲಂಟ್, ಅಂದರೆ ಟೂಲು ತಣ್ಣಗಿಡುವ ಎಣ್ಣೆ, ಕಲಸಿದರೆ ಎಣ್ಣೆ ಬೆರೆಯದೆ ಮೇಲೆ ಕೆನೆ ಕಟ್ಟುತ್ತದೆ. ನೀರು ಶುದ್ಧ ಮಾಡುವ ಸಣ್ಣ ಆರ್‌ಒ ಹಾಕಿಸಿದೆ, ಸರಿಹೋಯಿತು.

ಕೆಲಸಗಾರರ ವಿಷಯದಲ್ಲಿ ಮಾತ್ರ ತುಮಕೂರು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಕೊಟ್ಟಿತು. ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. ಅಲ್ಲಿ ಪಳಗಿದ ಕೈಗಳು ಊರಲ್ಲೇ ಉಳಿದಿವೆ. ಅಂಥ ಒಬ್ಬ ಹಿರಿಯರು ಈಗ ನಮ್ಮಲ್ಲಿ ಅರ್ಧ ದಿನ ಬಂದು ಇನ್‌ಸ್ಪೆಕ್ಷನ್ ನೋಡುತ್ತಾರೆ. ಐಟಿಐ ಮುಗಿಸಿ ಬಂದ ಹುಡುಗರು ಮೈಕ್ರೋಮೀಟರನ್ನು ನಟ್ಟಿನ ಹಾಗೆ ತಿರುಗಿಸಿ ಬಿಗಿ ಮಾಡುತ್ತಿದ್ದರು. "ಬಿಗಿ ಮಾಡ್ಬೇಡಪ್ಪ, ರ‍್ಯಾಚೆಟ್ ಟಿಕ್ ಟಿಕ್ ಅಂದ ಮೇಲೆ ಓದು" ಅಂತ ಅವರು ಪಕ್ಕದಲ್ಲೇ ನಿಂತು ತಿದ್ದಿದರು. ಇಂಥವರು ಇರುವ ಊರು ಅಂತ ಯಾವ ಬ್ರೋಷರಿನಲ್ಲೂ ಬರೆದಿರುವುದಿಲ್ಲ. ನನ್ನ ಪ್ರಕಾರ ರಸ್ತೆಗಿಂತ ಮೊದಲು ಬರೆಯಬೇಕಾದದ್ದು ಅದೇ.

ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸು ಇರಲಿಲ್ಲ. ಒಳ್ಳೆ ಆಪರೇಟರ್‌ಗಳು ಅದೊಂದೇ ಕಾರಣಕ್ಕೆ ಬರಲ್ಲ ಅಂದರು. ಅಕ್ಕಪಕ್ಕದ ಶೆಡ್‌ಗಳವರೆಲ್ಲ ಸೇರಿ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿಕೊಂಡೆವು. ಖರ್ಚು ತಲೆ ಲೆಕ್ಕದಲ್ಲಿ ಹಂಚಿಕೆ.

ನನಗೆ ಇಲ್ಲಿ ಇನ್ನೂ ಹೊಂದದೆ ಇರುವುದು ಹಾರ್ಡನಿಂಗ್ (ಲೋಹ ಕಾಯಿಸಿ ಗಡುಸು ಮಾಡುವುದು) ಮತ್ತು ಪ್ಲೇಟಿಂಗ್ (ಮೇಲೆ ಬೇರೆ ಲೋಹದ ಲೇಪ ಕೊಡುವುದು). ಪ್ಲೇಟಿಂಗ್‌ನವರು ಇಲ್ಲಿಗೆ ಬರಬೇಕು ಅಂದರೆ ಅವರ ಆಸಿಡ್ ನೀರನ್ನು ಶುದ್ಧ ಮಾಡುವ ಸಾಮೂಹಿಕ ಘಟಕ ಹತ್ತಿರದಲ್ಲೇ ಇರಬೇಕು. ಅದನ್ನು ಸ್ವಂತಕ್ಕೆ ಕಟ್ಟಿಕೊಳ್ಳುವುದು ಸಣ್ಣವರ ಕೈಲಿ ಆಗದ ಮಾತು. ಸದ್ಯಕ್ಕೆ ಶನಿವಾರ ಬೆಳಗ್ಗೆ ನಮ್ಮ ಗಾಡಿ ಮಾಲು ತುಂಬಿಕೊಂಡು ಪೀಣ್ಯಕ್ಕೆ ಹೋಗುತ್ತದೆ, ಹಿಂದಿನ ವಾರದ್ದನ್ನು ವಾಪಸ್ ತರುತ್ತದೆ.